ಹೆಸರು ಅವರದು, ಕತ್ತರಿ ನಮ್ಮದು

ಮೂರು ವರ್ಷದ ಹಿಂದಿನ ಮಾತು. ದಸರಾ ಹತ್ತಿರ ಬಂದಿತ್ತು. ಹೊಲಿಗೆಯವರಿಗೆ ಆ ದಿನಗಳಲ್ಲಿ ಊಟದ ನೆನಪೂ ಇರುವುದಿಲ್ಲ. ಹುಮನಾಬಾದಿನಲ್ಲಿ, ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ಅವತ್ತು ಮುಂಜಾನೆ ನಾನು ಬೀಗ ತೆಗೆಯುವ ಮೊದಲೇ ನಾಲ್ಕಾರು ಹೆಣ್ಣುಮಕ್ಕಳು ಮೊಬೈಲ್ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಅಕ್ಕೋರ, ನಮ್ಮ ಕಟಿಂಗ್ ಬರವಲ್ದು ನೋಡ್ರಿ. ಏನೋ ಇಂಗ್ಲಿಷ್‌ನ್ಯಾಗ ಬರಾಕತ್ತದ," ಎಂದು ಒಬ್ಬಳು ಮೊಬೈಲ್ ಮುಂದೆ ಚಾಚಿದಳು.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಕಲಿತದ್ದು ಏಳನೇ ಇಯತ್ತೆಯವರೆಗೆ. ಆದರೆ ನಿನ್ನೆಯವರೆಗೆ ಬ್ಲೌಸಿನ ಚಿತ್ರ ಬರುತ್ತಿದ್ದ ಜಾಗದಲ್ಲಿ ಬರೀ ಬಿಳಿ ಪುಟ, ಅದರ ಮೇಲೆ ಎರಡು ಸಾಲು ಬರಹ. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಕೂಡಲೇ ನಸೀಮಾಗೆ ಫೋನ್ ಹಚ್ಚಿದೆ.

ಈ ನಸೀಮಾ ಯಾರು, ಮೊಬೈಲಿನಲ್ಲಿ ಕಟಿಂಗ್ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಸೀಮಾಳ ತವರು ನಮ್ಮ ಹುಮನಾಬಾದ್. ಕೊಟ್ಟದ್ದು ಬಸವಕಲ್ಯಾಣಕ್ಕೆ. ಅಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ತವರಿಗೆ ಬಂದಾಗೊಮ್ಮೆ ಕುರ್ತಾ ಹೊಲಿಸಲು ನನ್ನ ಅಂಗಡಿಗೆ ಬಂದಳು. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಕಾಗದದ ಕಟಿಂಗುಗಳನ್ನೆಲ್ಲ, ಅಂದರೆ ಬಟ್ಟೆ ಕತ್ತರಿಸಲು ಇಡುವ ಅಳತೆಯ ನಕ್ಷೆಗಳನ್ನೆಲ್ಲ ನೋಡಿ, "ಅಕ್ಕಾ, ಇದನ್ನ ಮಾಡೋ ಸಾಫ್ಟ್‌ವೇರ್ ಅದ. ಅಳತಿ ಹಾಕಿದ್ರ ಸಾಕು, ಕಟಿಂಗ್ ತಾನೇ ಬರೀತದ. ಪುಕ್ಕಟ," ಎಂದಳು. ಆ ಸಾಫ್ಟ್‌ವೇರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಅವಳು ತೆಗೆದು ತೋರಿಸಿದ್ದನ್ನು ನೋಡಿ ನನಗೆ ನಗು ಬಂತು. "ಇದು ಗೊಂಬಿಗೆ ಹೊಲಿಯೋದೇನವ್ವ," ಎಂದೆ. ಎಲ್ಲ ಹೊರದೇಶದವರ ಉಡುಪು. ಸೀರೆಯ ಬ್ಲೌಸಿನ ಸುದ್ದಿಯೇ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದು ಮೈಯ ಅರ್ಧ ಭಾಗ ಬರೆದು, ಉಳಿದರ್ಧವನ್ನು ಮಗುಚಿ ಇಡುತ್ತಿತ್ತು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಹಾಗಿರುವುದಿಲ್ಲ. ಸಣ್ಣಂದಿನಿಂದ ಒಂದೇ ಬಗಲಿಗೆ ಕೊಡ, ಅದೇ ಬಗಲಿಗೆ ಕೂಸು ಎತ್ತಿಕೊಂಡು ಒಂದು ಭುಜ ಇಳಿದಿರುತ್ತದೆ. ಎರಡೂ ಭುಜ ಒಂದೇ ಅಂತ ಹೊಲಿದರೆ ಬ್ಲೌಸು ಒಂದು ಕಡೆ ಜಾರುತ್ತಲೇ ಇರುತ್ತದೆ. ನಾನು ಮೊದಲಿನಿಂದಲೂ ಎರಡು ಭುಜದ ಅಳತೆಯನ್ನು ಬೇರೆ ಬೇರೆಯೇ ತೆಗೆಯುವವಳು.

"ಹಂಗಾದ್ರ ನಾವೇ ತಿದ್ದೋಣಕ್ಕ," ಎಂದಳು ನಸೀಮಾ. "ಇದರ ಕೋಡ್, ಅಂದ್ರ ಒಳಗಿನ ಬರಹ ಎಲ್ಲಾ ಬಿಚ್ಚಿ ಇಟ್ಟಾರ. ಯಾರು ಬೇಕಾದ್ರೂ ಒಯ್ಯಬಹುದು, ತಿದ್ದಬಹುದು, ಮಂದಿಗೆ ಕೊಡಬಹುದು. ಮೊದಲು ಬರದವರ ಹೆಸರು ಒಳಗ ಇರತದಲ್ಲ, ಅದನ್ನ ಅಳಿಸಬಾರದು. ನಾವು ತಿದ್ದಿದ್ದನ್ನೂ ಹಂಗೇ ಬಿಚ್ಚಿ ಇಡಬೇಕು. ಅಷ್ಟ ಷರತ್ತು."

ಹೀಗೆ ಒಬ್ಬರ ಸಾಫ್ಟ್‌ವೇರ್ ಒಯ್ದು ಬೇರೆ ಮಾಡಿ ಬೆಳೆಸುವುದಕ್ಕೆ ಫೋರ್ಕ್ ಎನ್ನುತ್ತಾರಂತೆ. "ಮಗ್ಗುಲ ಮನಿಯಿಂದ ಹೆಪ್ಪು ತಂದಂಗ ಅನ್ನು," ಎಂದೆ. "ಬರೋಬ್ಬರಿ," ಎಂದು ನಕ್ಕಳು.

ಒಂದು ಬೇಸಿಗೆ ಪೂರ್ತಿ ನಾವಿಬ್ಬರೂ ಕೂತು ಅದನ್ನು ತಿದ್ದಿದೆವು. ನಾನು ಬಾಯಿಲೆ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಭುಜ ಇಷ್ಟು ಇಳಿದರೆ ಕಂಕುಳ ಎಷ್ಟು ಇಳಿಸಬೇಕು, ಬೆನ್ನು ಬಾಗಿದವರಿಗೆ ಹಿಂದಿನ ತುಂಡು ಎಷ್ಟು ಉದ್ದ ಬಿಡಬೇಕು, ದುಡಿದ ರಟ್ಟೆಗೆ ತೋಳು ಎಷ್ಟು ಸಡಿಲ ಇರಬೇಕು. ಕೆಲವು ಸಲ ಜಗಳವೂ ಆಗುತ್ತಿತ್ತು. "ಅಂದಾಜು ಅಂದ್ರ ಕಂಪ್ಯೂಟರಿಗೆ ತಿಳಿಯಂಗಿಲ್ಲಕ್ಕ, ಲೆಕ್ಕ ಹೇಳು," ಎನ್ನುತ್ತಿದ್ದಳು. ನಾನು ಟೇಪು ಹಿಡಿದು ಕಾಗದ ಕತ್ತರಿಸಿ ತೋರಿಸುತ್ತಿದ್ದೆ.

ಮೊದಲು ಪರೀಕ್ಷೆ ಮಾಡಿದ್ದು ಬೇಮಳಖೇಡದ ಗಂಗಮ್ಮನ ಮೇಲೆ. ಆಕೆ ದಿನಾ ಬಸ್ಸಿನಲ್ಲಿ ಹಾಲು ತಂದು ನಮ್ಮ ಕಡೆ ಮಾರುತ್ತಾಳೆ. ಎಡಭುಜ ಎರಡು ಬೆರಳು ಇಳಿದಿದೆ. ಅವಳ ಅಳತೆಯನ್ನೇ ನಸೀಮಾ ಕಂಪ್ಯೂಟರಿನಲ್ಲಿ ಮಾದರಿಯಾಗಿ ಹಾಕಿ, ಅದಕ್ಕೆ ಗಂಗಮ್ಮ ಎಂದೇ ಹೆಸರಿಟ್ಟಳು. ಆ ಕಟಿಂಗಿನಿಂದ ಹೊಲಿದ ಬ್ಲೌಸ್ ಹಾಕಿಕೊಂಡು ಬಂದು ಗಂಗಮ್ಮ ಹೇಳಿದ್ದು ಇಷ್ಟು: "ಕುಬಸ ಎಳಕೊಂಡು ಎಳಕೊಂಡು ಕೈ ಸೋತಿತ್ತವ್ವ. ಇದು ಇದ್ದಲ್ಲೇ ಇರತದ."

ಆಮೇಲೆ ನಸೀಮಾ ಅದನ್ನು ಇಂಟರ್ನೆಟ್ಟಿನ ಒಂದು ಪುಟದಲ್ಲಿ ಹಾಕಿದಳು, ಅದು ಊರಿಂದೂರಿಗೆ ಹೋಯಿತು. ರಾಜೇಶ್ವರ, ಚಿಟಗುಪ್ಪ, ಬಸವಕಲ್ಯಾಣ, ಗಡಿ ದಾಟಿ ಮರಾಠಿ ಊರುಗಳು. ಮೊಬೈಲಿನಲ್ಲಿ ಅಳತೆ ಹಾಕುವುದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಹಾಳೆ ಅಂಟಿಸುವುದು, ಕತ್ತರಿಸುವುದು. ಕ್ಲಾಸಿಗೆ ಬರಲು ಮನೆಯಲ್ಲಿ ಬಿಡದ ಹೆಣ್ಣುಮಕ್ಕಳು ಮನೆಯಲ್ಲೇ ಹೊಲಿಗೆ ಹಿಡಿದರು.

ಹೆಸರಿನ ವಿಷಯದಲ್ಲಿ ಮಾತ್ರ ನಸೀಮಾ ಮೊದಲೇ ಒಂದು ಮಾತು ಹೇಳಿದ್ದಳು. "ಅಕ್ಕಾ, ನಾವು ಬ್ಯಾರೆ ಹೆಸರಿಡೋಣ. ಹೆಸರು ಅವರದು." ನಾನು ಕೇಳಲಿಲ್ಲ. "ಕೊಟ್ಟವರ ಹೆಸರು ತಗದು ನಮ್ದು ಬರಕೊಳ್ಳೋದೇನು? ಉಂಡ ಮನಿಗೆ ಎರಡು ಬಗೀಬಾರದು," ಎಂದು ಅವಳ ಬಾಯಿ ಮುಚ್ಚಿಸಿದೆ. ನಮ್ಮ ಕಡೆ ಅಂಗಡಿಯಿಂದ ಹಿಡಿದು ಆಟೋತನಕ ಎಲ್ಲದರ ಹಣೆಯ ಮೇಲೂ ಕೊಟ್ಟ ದೇವರ ಹೆಸರೋ ಮಠದ ಗುರುವಿನ ಹೆಸರೋ ಇದ್ದೇ ಇರುತ್ತದೆ. ಅದೇ ಅಭ್ಯಾಸ. ಅವರ ಹೆಸರು, ಅವರ ಸೂಜಿಯ ಚಿತ್ರದ ಗುರುತು ಹಾಗೇ ಇಟ್ಟು, ಹಿಂದೆ ‘ಹುಮನಾಬಾದ್’ ಎಂದಷ್ಟೇ ಸೇರಿಸಿದೆವು. ಅದು ನಾವು ಕೊಟ್ಟ ಮರ್ಯಾದೆ ಎಂದೇ ನಾನು ತಿಳಿದಿದ್ದೆ.

ಆ ಮರ್ಯಾದೆಗೆ ಬಂದ ಉತ್ತರವೇ ಆ ಬಿಳಿ ಪುಟ.

ನಸೀಮಾ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಮುಖ ಬಾಡಿತ್ತು. ಆ ಸಾಫ್ಟ್‌ವೇರ್ ಮೊದಲು ಬರೆದವರಿಂದ ಒಂದು ಕಂಪನಿ ಹೆಸರು, ಗುರುತು ಎಲ್ಲ ಕೊಂಡು ರಿಜಿಸ್ಟರ್ ಮಾಡಿಸಿಕೊಂಡಿತ್ತಂತೆ. ಅವರು ದೂರು ಕೊಟ್ಟದ್ದರಿಂದ ನಮ್ಮ ಪುಟ ಇಟ್ಟುಕೊಂಡಿದ್ದವರು ಅದನ್ನು ಮುಚ್ಚಿದ್ದರು. ಜೊತೆಗೆ ನಸೀಮಾಗೆ ನೋಟಿಸ್. ಅವಳು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ನಮ್ಮ ಹೆಸರನ್ನು ಅನುಮತಿ ಇಲ್ಲದೆ ಬಳಸಿದ್ದೀರಿ. ಜನರನ್ನು ವಂಚಿಸಿದ್ದೀರಿ. ಸಾಫ್ಟ್‌ವೇರ್ ನಮ್ಮದು. ನಿಮ್ಮ ಹತ್ತಿರ ಇರುವ ಎಲ್ಲ ಪ್ರತಿ ಅಳಿಸಿ, ಕ್ಷಮೆ ಬರೆದುಕೊಡಿ.

ಉಳಿದದ್ದು ಏನಾದರೂ ಇರಲಿ, ವಂಚನೆ ಎಂಬ ಮಾತಿಗೆ ನನ್ನ ಮೈ ಉರಿದುಹೋಯಿತು. ಗಿರಾಕಿಯ ಅರಿವೆಯಲ್ಲಿ ಉಳಿದ ಗೇಣುದ್ದ ತುಂಡನ್ನೂ ಮಡಿಚಿ ವಾಪಸು ಕೊಡುವವಳು ನಾನು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ಬಿಟ್ಟುಬಿಡು ಅತ್ಲಾಗ. ಕಂಪನಿಯವರ ಜೋಡಿ ಜಗಳ ನಮಗ್ಯಾಕ? ಅಂಗಡಿ ನೋಡಕೋ," ಎಂದರು.

"ಬಿಡಬೇಕಂದ್ರ ಬಿಡಬಹುದ್ರಿ. ಕಳ್ಳಿ ಅನಿಸಿಕೊಂಡು ಬಿಡೋದು ನನ್ನ ಕಡಿ ಆಗಂಗಿಲ್ಲ," ಎಂದೆ. ನನ್ನ ಸಿಟ್ಟು ಅವರಿಗೆ ಗೊತ್ತು.

ಮರುದಿನ ಬಸವಕಲ್ಯಾಣಕ್ಕೆ ಹೋಗಿ ನಸೀಮಾಗೆ ಪರಿಚಯವಿದ್ದ ಒಬ್ಬ ವಕೀಲರನ್ನು ಕಂಡೆವು. ವಯಸ್ಸಾದವರು. "ತಾಯಿ, ನನ್ನ ಕಡಿ ಬರೋದೆಲ್ಲ ಹೊಲದ ಕೇಸ್. ಇದು ನನಗೂ ಹೊಸದು. ಓದತೀನಿ, ತಡೀರಿ," ಎಂದು ನೋಟಿಸನ್ನೂ, ಸಾಫ್ಟ್‌ವೇರಿನ ಷರತ್ತಿನ ಹಾಳೆಗಳನ್ನೂ ಇಟ್ಟುಕೊಂಡು ಸಾವಕಾಶ ಓದಿದರು. ನಮಗೆ ಚಹಾ ತರಿಸಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು:

"ಇದರಾಗ ಎರಡು ಜಗಳ ಅದಾವ. ಒಂದು ಹೆಸರಿಂದು, ಒಂದು ಕೋಡಿಂದು. ಕೋಡ್ ತಗೊಳ್ರಿ ಅಂತ ಮೊದಲು ಬರದವರೇ ಬರಕೊಟ್ಟಾರ, ಅದನ್ನ ವಾಪಸ್ ಕೇಳಾಕ ಬರಂಗಿಲ್ಲ. ಹೆಸರು ತಗೊಳ್ರಿ ಅಂತ ಎಲ್ಲೂ ಬರಕೊಟ್ಟಿಲ್ಲ. ಒಂದರಾಗ ನೀವು ಸೋಲತೀರಿ, ಒಂದರಾಗ ಗೆಲ್ಲತೀರಿ. ಎರಡೂ ಕಲಸಿಕೊಂಡು ಕೂತ್ರ ಎರಡರಾಗೂ ಸೋಲತೀರಿ."

"ಮರ್ಯಾದಿಗೆ ಇಟ್ಟ ಹೆಸರ್ರಿ ಅದು," ಎಂದೆ ನಾನು ಬಿಡದೆ.

"ಇರಬಹುದವ್ವ. ಆದ್ರ ಇಲ್ಲಿ ಒಂದು ದೂರಿನ ಪ್ರತಿ ಲಗತ್ತ ಮಾಡ್ಯಾರ, ಓದೀರೇನು?"

ನಸೀಮಾ ಓದಿ ಹೇಳಿದಳು. ಬೇರೆ ರಾಜ್ಯದ ಒಬ್ಬ ಹೆಣ್ಣುಮಗಳು, ನಮ್ಮಂತೆಯೇ ಹೊಲಿಯುವವಳು, ಕಂಪನಿಯದೇ ಎಂದು ತಿಳಿದು ನಮ್ಮ ಪುಟದಿಂದ ಕಟಿಂಗ್ ತೆಗೆದಿದ್ದಳು. ತೋಳು ಗಿಡ್ಡ ಬಂದು ಮದುವೆಯ ಅರಿವೆ ಹಾಳಾಗಿತ್ತು. ಗಿರಾಕಿ ಅವಳನ್ನು ಬೈದರೆ ಅವಳು ಕಂಪನಿಯನ್ನು ಬೈದಿದ್ದಳು. ಆ ತೋಳಿನ ತಪ್ಪು ನಮ್ಮದೇ. ಒಂದು ಸಲ ಲೆಕ್ಕ ಬದಲಿಸಿದಾಗ ಕೆಟ್ಟಿತ್ತು, ಎರಡು ದಿನದಲ್ಲಿ ಸರಿ ಮಾಡಿದ್ದೆವು. ಆ ಎರಡು ದಿನದೊಳಗೆ ಅವಳು ಕತ್ತರಿಸಿದ್ದಳು.

ನಾವು ಕೆಡಿಸಿದ ತೋಳಿಗೆ ಅವರು ಬೈಸಿಕೊಂಡಿದ್ದರು.

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ಹೊಲಿಗೆ ಕಲಿಸಿದ ಉಸ್ತಾದರು ನೆನಪಾದರು. ಈಗ ಅವರಿಲ್ಲ. ನಾನು ಸ್ವಂತ ಅಂಗಡಿ ಹಾಕುವಾಗ ಬೋರ್ಡಿನ ಮೇಲೆ ಅವರ ಹೆಸರು ಬರೆಸುತ್ತೇನೆಂದು ಕೇಳಲು ಹೋಗಿದ್ದೆ. "ಹರಗಿಜ್ ಬರಸಬ್ಯಾಡ ಬೇಟಿ," ಎಂದಿದ್ದರು. "ನನ್ನ ಹೆಸರು ನೋಡಿ ಮಂದಿ ಅರವಿ ಕೊಡತಾರ, ಹೊಲಿಯಾಕಿ ನೀ. ನೀ ಕೆಡಿಸಿದ್ರ ನಾ ಬೈಸಿಕೋಬೇಕು, ನೀ ಚಂದ ಹೊಲದ್ರ ನಿನಗ ಹೆಸರು ಬರಂಗಿಲ್ಲ. ನನ್ನ ಫೋಟೊ ಒಳಗ ಮಶೀನ್ ಹತ್ರ ಹಾಕು." ನಮ್ಮ ಕಡೆಯ ಎಷ್ಟೋ ಹೊಲಿಗೆ ಅಂಗಡಿಗಳಲ್ಲಿ ನೋಡಿ ಬೇಕಾದರೆ, ಬೋರ್ಡು ಹೊಲಿಯುವವನದು, ಒಳಗೆ ಉಸ್ತಾದನ ಫೋಟೊ. ಇಷ್ಟು ಗೊತ್ತಿದ್ದವಳಿಗೆ ಕಂಪ್ಯೂಟರ್ ಎಂದ ಕೂಡಲೇ ಬುದ್ಧಿ ಎಲ್ಲಿ ಹೋಗಿತ್ತೋ.

"ನಸೀಮಾ, ಬೋರ್ಡ್ ಇಳಿಸು," ಎಂದೆ. "ಫೋಟೊ ಮಾತ್ರ ಒಳಗ ಇರಲಿ." ಬಸ್ಸಿಗೆ ಕಾಯುತ್ತ ಅದರ ಅರ್ಥ ಬಿಡಿಸಿ ಹೇಳಿದೆ. ಮೊದಲು ಬರೆದವರ ಹೆಸರುಗಳು ಕೋಡಿನೊಳಗೆ ಎಲ್ಲಿ ಇದ್ದವೋ ಅಲ್ಲೇ ಇರುತ್ತವೆ ಎಂದು ಅವಳೂ ಹೇಳಿದಳು.

ಹೊಸ ಹೆಸರು ಹುಡುಕುವುದೇ ಒಂದು ಪಂಚಾಯಿತಿ ಆಯಿತು. ನಾನು ಹೇಳಿದ ದೇವರ ಹೆಸರುಗಳನ್ನೆಲ್ಲ ಯಾರೋ ಯಾವುದಕ್ಕೋ ಆಗಲೇ ಇಟ್ಟುಕೊಂಡಿದ್ದರು. ನಸೀಮಾ ಒಂದೊಂದನ್ನೂ ಹುಡುಕಿ ನೋಡಿ, "ಇದೂ ಯಾರದೋ ಅದಕ್ಕ, ಬ್ಯಾಡ. ಮತ್ತೊಂದು ನೋಟಿಸ್ ಬರತದ," ಎನ್ನುತ್ತಿದ್ದಳು. ಕೊನೆಗೆ ನಾವು ದಿನಾ ಬಾಯಿಲೆ ಆಡುವ ಮಾತೇ ಗಟ್ಟಿಯಾಯಿತು: ‘ಅಳತಿ’. ಕ್ಲಾಸಿನ ಹೆಣ್ಣುಮಕ್ಕಳು ಸುಮ್ಮನೆ ಬಿಡಲಿಲ್ಲ. ಬರೆದಾಕಿ ನಸೀಮಾ, ಹಾಗಾಗಿ ತಾಯಿ ಅವಳು, ಸೋದರತ್ತೆ ನಾನಂತೆ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಬಗ್ಗಿಸಿ ಹೆಸರು ಹೇಳಿಸಿದರು. ಆಮೇಲೆ ಬಿದ್ದ ಗುದ್ದುಗಳಲ್ಲಿ ಎಷ್ಟು ಪ್ರೀತಿ, ಎಷ್ಟು ಹಳೆಯ ಬೈಗಳದ ಸೇಡು, ನಾನು ಹೇಳಲಾರೆ.

ಹೆಸರು ಬದಲಿಸಿದರೂ ಪುಟ ತೆರೆಯಲಿಲ್ಲ. ಕೋಡೂ ನಮ್ಮದೇ ಎಂಬ ಕಂಪನಿಯ ದೂರು ಹಾಗೇ ಇತ್ತು. ಅಂಗಡಿಯ ಮುಂದೆ ಹೆಣ್ಣುಮಕ್ಕಳು ದಿನಾ ಬಂದು ಕೇಳುತ್ತಿದ್ದರು. ಹಬ್ಬದ ಬ್ಲೌಸು ಒಪ್ಪಿಕೊಂಡು ಕೂತಿದ್ದರು, ಪಾಪ. ನಾನು ರಾಶಿ ರಾಶಿ ಕಾಗದದ ಮೇಲೆ ಕೈಯಿಂದಲೇ ಕಟಿಂಗ್ ಬರೆದುಕೊಡುತ್ತಿದ್ದೆ.

ಅಂಥದರಲ್ಲಿ ಒಂದು ಮಧ್ಯಾಹ್ನ ನಸೀಮಾಳ ಫೋನ್ ಬಂತು. "ಅಕ್ಕಾ, ಕೂತೀಯೇನು? ಗಂಗಮ್ಮ ಕಂಪನಿಯೊಳಗ ಸಿಕ್ಕಾಳ."

ನಮ್ಮದರಲ್ಲಿ ಅವರ ಗುರುತು ಎಲ್ಲಿಯೂ ಉಳಿಯಬಾರದೆಂದು ಹೋಲಿಸಿ ನೋಡಲು ಅವಳು ಕಂಪನಿಯ ಹೊಸ ಆವೃತ್ತಿಯನ್ನು ಇಳಿಸಿಕೊಂಡಿದ್ದಳು. ಎರಡು ಭುಜಕ್ಕೂ ಬೇರೆ ಬೇರೆ ಅಳತೆ ಹಾಕಬಹುದು, ಇದು ನಮ್ಮ ಹೊಸ ಸೌಲಭ್ಯ ಎಂದು ಅವರು ಜಾಹೀರಾತು ಹಾಕಿದ್ದರು. ಒಳಗೆ ಬಿಚ್ಚಿ ನೋಡಿದರೆ ಇಂಗ್ಲಿಷ್ ಅಕ್ಷರದಲ್ಲಿ ‘ಎಡಭುಜ’, ‘ಬಲಭುಜ’. ಮಾದರಿಯಾಗಿ ಗಂಗಮ್ಮ, ಅದೇ ಅಳತೆ, ಕಾಲು ಇಂಚೂ ಹೆಚ್ಚುಕಡಿಮೆ ಇಲ್ಲ. ನಮ್ಮ ಕೋಡನ್ನು ಎತ್ತಿಕೊಂಡಿದ್ದರು.

"ಎತ್ತಿಕೊಳ್ಳಲಿ ಬಿಡು, ನಾವೂ ತಗೊಂಡೀವಲ್ಲ," ಎಂದೆ.

"ತಗೊಂಡಿದ್ದಕ್ಕ ನಂದೇನೂ ಇಲ್ಲಕ್ಕ. ಮ್ಯಾಲ ಇದ್ದ ಹೆಸರು ಅಳಿಸ್ಯಾರ. ಅಲ್ಲಿ ನಮ್ಮಿಬ್ಬರ ಹೆಸರಿತ್ತು, ಈಗ ಬರೀ ಕಂಪನಿ ಹೆಸರದ."

"ನಮ್ಮಿಬ್ಬರದಾ? ನಾ ಒಂದಕ್ಷರ ಬರದಿಲ್ಲಲ್ಲ."

"ಲೆಕ್ಕ ಎಲ್ಲ ನೀ ಹೇಳಿದ್ದು, ನಿನ್ನ ಮಾತೇ ಅದರಾಗ ಅದಾವ. ನಿನ್ನ ಹೆಸರು ನಾ ಮೊದಲೇ ಹಾಕೀನಿ," ಎಂದಳು.

ನನ್ನ ಹೆಸರು ಅಂಥ ಕಡೆ ಇತ್ತು ಎಂಬುದು ನನಗೆ ಗೊತ್ತಾದದ್ದೂ, ಅದನ್ನು ಅಳಿಸಿದ್ದಾರೆ ಎಂಬುದು ಗೊತ್ತಾದದ್ದೂ ಒಂದೇ ಗಳಿಗೆಯಲ್ಲಿ.

ವಕೀಲರು ಉತ್ತರ ಬರೆದರು. ಕಂಪನಿಯವರು ವಿಡಿಯೊದಲ್ಲಿ ಮಾತಾಡಲು ಒಪ್ಪಿದರು. ನನ್ನ ಅಂಗಡಿಯಲ್ಲೇ, ಕಟಿಂಗ್ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಆ ಕಡೆ ಅವರ ವಕೀಲ, ಪಕ್ಕದಲ್ಲಿ ಒಬ್ಬ ಎಂಜಿನಿಯರ್. ಹಿಂದಿಯಲ್ಲಿ ಮಾತು. ಹಿಂದಿ ನಮಗೇನು ಹೊಸದಲ್ಲ. ವ್ಯಾಕರಣ ಅವರಷ್ಟು ಶುದ್ಧ ಇಲ್ಲದಿದ್ದರೂ ಹುಮನಾಬಾದಿನ ಸಂತೆಯಲ್ಲಿ ಕಲಿತ ಹಿಂದಿ ಜಗಳಕ್ಕೆ ಸಾಕಾಗುತ್ತದೆ.

ನಸೀಮಾ ಬಾಯಿ ತೆಗೆಯುವ ಮೊದಲೇ ನಾನು ಶುರು ಮಾಡಿದೆ. "ಮೊದಲು ಹೆಸರಿನ ಮಾತು. ಅದು ನಿಮ್ಮದು. ನಾವು ಇಟ್ಟುಕೊಂಡದ್ದು ತಪ್ಪು, ತೆಗೆದಿದ್ದೇವೆ, ಗುರುತೂ ತೆಗೆದಿದ್ದೇವೆ. ತೋಳು ಗಿಡ್ಡ ಬಂದ ಆ ತಂಗಿಯ ಜೊತೆ ನಾನೇ ಮಾತಾಡುತ್ತೇನೆ, ಅವಳ ಫೋನ್ ಕೊಡಿಸಿ."

ವಕೀಲ ಇಷ್ಟು ಬೇಗ ಒಪ್ಪಿಗೆ ಬರುತ್ತದೆಂದು ಎಣಿಸಿರಲಿಲ್ಲ. ಸಂತೋಷದಿಂದ, "ಹಾಗಾದರೆ ಕೋಡನ್ನೂ ಅಳಿಸಿಬಿಡಿ," ಎಂದ.

"ಅದು ಆಗುವುದಿಲ್ಲ. ಹೆಸರು ನಿಮ್ಮದಿತ್ತು, ಕೊಟ್ಟೆವು. ಕತ್ತರಿ ನಮ್ಮದು. ಈಗ ನೀವು ಹೇಳಿ, ಎರಡು ಭುಜದ ಲೆಕ್ಕ ನಿಮಗೆ ಎಲ್ಲಿಂದ ಬಂತು?"

"ನಮ್ಮ ಎಂಜಿನಿಯರುಗಳು ಬರೆದದ್ದು."

"ಗಂಗಮ್ಮ ಯಾರು?"

ಅವನು ಎಂಜಿನಿಯರ್ ಕಡೆ ನೋಡಿದ. ಎಂಜಿನಿಯರ್, "ಒಂದು ಸ್ಯಾಂಪಲ್ ಹೆಸರು," ಎಂದ.

"ಸ್ಯಾಂಪಲ್ ಅಲ್ಲಪ್ಪ," ಎಂದೆ. "ಆಕೆ ಬೇಮಳಖೇಡದವಳು. ಎಡಭುಜ ಎರಡು ಬೆರಳು ಇಳಿದಿದೆ. ಆ ಅಳತೆ ಈ ಟೇಪಿನಿಂದ ನಾನು ತೆಗೆದದ್ದು. ನಾಳೆ ಮುಂಜಾನೆ ಇಲ್ಲೇ ಹಾಲು ಹಾಕಲು ಬರುತ್ತಾಳೆ, ಬೇಕಾದರೆ ನಿಮ್ಮ ಮುಂದೆಯೇ ಮತ್ತೆ ಅಳೆದು ತೋರಿಸುತ್ತೇನೆ. ನೀವು ಒಯ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಒಯ್ಯಲಿ ಎಂದೇ ಬಿಚ್ಚಿ ಇಟ್ಟದ್ದು. ಮೊದಲು ಬರೆದವರ ಹೆಸರನ್ನು ನಾವು ಇವತ್ತಿಗೂ ಅಳಿಸಿಲ್ಲ. ನೀವು ನಮ್ಮದನ್ನು ಯಾಕೆ ಅಳಿಸಿದಿರಿ?"

ಆ ಎಂಜಿನಿಯರ್ ಒಳ್ಳೆಯ ಹುಡುಗನೇ ಇರಬೇಕು. ನಸೀಮಾಳ ಕಡೆ ತಿರುಗಿ, "ಮೇಡಂ, ಬಲಭುಜ ಅಂದರೆ ಏನು?" ಎಂದು ಮೆಲ್ಲಗೆ ಕೇಳಿದ. ಅವಳು ತನ್ನ ಬಲಗಡೆಯ ಭುಜದ ಮೇಲೆ ಕೈ ಇಟ್ಟುಕೊಂಡು ತೋರಿಸಿದಳು. ಅವರ ವಕೀಲ, ಪರಿಶೀಲಿಸಿ ತಿಳಿಸುತ್ತೇವೆ ಎಂದು ಮಾತು ಮುಗಿಸಿದ. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ನಾನು ಟೇಪನ್ನು ಅದರ ಮುಂದೆ ಚಾಚಿ ಹಿಡಿದೇ ನಿಂತಿದ್ದೆ. ನಸೀಮಾ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಳು.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಉತ್ತರ ಬಂತು. ದೂರು ವಾಪಸು ತೆಗೆದುಕೊಂಡಿದ್ದರು. ಅಳಿಸಿದ ಹೆಸರುಗಳನ್ನು ಮತ್ತೆ ಸೇರಿಸಿದ್ದೇವೆ, ಆದ ಪ್ರಮಾದಕ್ಕೆ ವಿಷಾದಿಸುತ್ತೇವೆ ಎಂದು ಬರೆದಿದ್ದರು. ಅದೇ ಸಂಜೆ ‘ಅಳತಿ’ ಹೆಸರಿನಲ್ಲಿ ನಮ್ಮ ಪುಟ ತೆರೆಯಿತು. ಆ ದಸರಾಕ್ಕೆ ಹೊಲಿದಷ್ಟು ಬ್ಲೌಸನ್ನು ನಮ್ಮ ಹೆಣ್ಣುಮಕ್ಕಳು ಅದಕ್ಕೂ ಮೊದಲು ಹೊಲಿದಿರಲಿಲ್ಲ. ತೋಳು ಕೆಟ್ಟ ಆ ತಂಗಿಗೆ ಹೊಸ ಅರಿವೆ ತೆಗೆದು, ನಾನೇ ಹೊಲಿದು, ಪಾರ್ಸಲ್ ಮಾಡಿದೆ. ಈಗ ಅವಳೂ ಅಳತಿಯನ್ನೇ ಬಳಸುತ್ತಾಳೆ.

ನಸೀಮಾ ನನ್ನನ್ನು ಕೂರಿಸಿಕೊಂಡು ಕಂಪನಿಯ ಸಾಫ್ಟ್‌ವೇರಿನಲ್ಲಿ ಒಂದು ಪುಟ ತೆಗೆದು ತೋರಿಸಿದಳು. ಹೆಸರುಗಳ ಉದ್ದ ಸಾಲು. ಯಾವ ಯಾವ ದೇಶದವರೋ. ಅದರ ನಡುವೆ ಎರಡು ಹೆಸರಿನ ಮೇಲೆ ಬೆರಳಿಟ್ಟು, "ಇದು ನಾ, ಇದು ನೀ," ಎಂದಳು. ಇಂಗ್ಲಿಷ್ ಬಾರದಿದ್ದರೂ ನನ್ನ ಹೆಸರಿನ ಅಕ್ಷರಗಳು ಬ್ಯಾಂಕಿನ ಪುಸ್ತಕದಲ್ಲಿ ನೋಡಿ ನನಗೆ ಪರಿಚಯ. ಸುವರ್ಣಾ. ಮುಂದೆ ಹುಮನಾಬಾದ್.

ಆವತ್ತು ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಮದುವೆಗೆ, ಸೀಮಂತಕ್ಕೆ, ಹಬ್ಬಕ್ಕೆ ಎಂದು ಊರ ತುಂಬ ನಾನು ಹೊಲಿದ ಬ್ಲೌಸುಗಳು ಓಡಾಡುತ್ತವೆ. ಅರಿವೆ ಎಲ್ಲಿ ತಗೊಂಡೆ ಎಂದು ಕೇಳುವವರು ಎಷ್ಟೋ ಜನ, ಹೊಲಿದವರು ಯಾರು ಎಂದು ಕೇಳುವವರು ಕಡಿಮೆ. ಹೊಲಿಗೆಯವರ ಬಾಳೇ ಹಾಗೆ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ. ಕೊಟ್ಟವರ ಹೆಸರನ್ನು ಎಲ್ಲಿ ಇಡಬೇಕು, ನಮ್ಮ ಹೆಸರನ್ನು ಎಲ್ಲಿ ಬಿಡಬಾರದು ಎಂಬ ಎರಡನ್ನೂ ನಾನು ಆ ದಸರಾದಲ್ಲಿ ಕಲಿತೆ.

ಮೊನ್ನೆ ಕ್ಲಾಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಮೊಬೈಲಿನಲ್ಲಿ ಆ ಹೆಸರುಗಳ ಪುಟ ತೆಗೆದುಕೊಂಡು ಬಂದು, "ಅಕ್ಕೋರ, ಇಲ್ಲೊಬ್ಬಾಕಿ ಸುವರ್ಣಾ ಅಂತ ಇದ್ದಾಳ ನೋಡ್ರಿ, ನಮ್ಮ ಹುಮನಾಬಾದಿನಾಕಿ ಅಂತ. ನಿಮಗ ಗೊತ್ತೇನ್ರಿ?" ಎಂದು ಕೇಳಿದಳು. ನಾನು ಮಶೀನ್ ನಿಲ್ಲಿಸಿ, "ಗೊತ್ತವ್ವ, ನಾನೇ," ಎಂದೆ.